ನಿಯತ್ತಿನ ಗಿರಾಕಿಗಳು

ಕಾಲೇಜಿನ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಿದ್ದ ಬುಶಾಳ ಮುಖ ಆಳೆತ್ತರಕ್ಕೆ ನಗುತ್ತಿತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ "ವ್ಯಾನ್ ಸೇವೆ ನಿಲ್ಲಿಸಬಹುದು" ಎಂದು ಬರೆದಿತ್ತು. ಕೊರಿನ್ ಗ್ರಬೊವ್ಸ್ಕಿ ಅದನ್ನು ಓದಿದಳು, ನಂಬದೆ ಮತ್ತೆ ಓದಿದಳು. ಅಷ್ಟರಲ್ಲಿ ಅವಳ ಕಿವಿಯೆಲ್ಲ ಬಿಸಿಯಾಗಿತ್ತು.

ಬುಶಾ ಅಂದರೆ ಅವಳ ಅಜ್ಜಿ, ಅಪ್ಪನ ಅಮ್ಮ. ಹೆಸರು ಲಿಯೊಕಾಡಿಯಾ. ಆದರೆ ಅಮೆರಿಕದ ಟೊಲೀಡೊ ಊರಿನ ಪೋಲಿಶ್ ಮನೆಗಳಲ್ಲಿ ಅಜ್ಜಿಯನ್ನು ಹೆಸರು ಹಿಡಿದು ಯಾರು ಕರೆಯುತ್ತಾರೆ, ಎಲ್ಲರಿಗೂ ಬುಶಾನೇ. ಎಂಬತ್ತು ದಾಟಿದ ಹೆಂಗಸು. ಮಂಡಿ ಹೋಗಿದೆ, ಬಾಯಿ ಹೋಗಿಲ್ಲ. ಚರ್ಚಿನ ಪಕ್ಕ ವಯಸ್ಸಾದವರಿಗೆಂದೇ ಇರುವ ಅಪಾರ್ಟ್‌ಮೆಂಟಿನಲ್ಲಿ ಅವಳ ವಾಸ, ಸುತ್ತಲೂ ಅವಳಂಥದೇ ಬಾಯಿಯ ಗೆಳತಿಯರು. ಬುಧವಾರ ಬೆಳಿಗ್ಗೆ ವೆಂಡ್ಲರ್ ಸೂಪರ್‌ಮಾರ್ಕೆಟ್ಟಿನ ವ್ಯಾನ್ ಬಾಗಿಲಿಗೆ ಬಂದು ಅಷ್ಟೂ ಜನರನ್ನು ಹತ್ತಿಸಿಕೊಂಡು ಹೋಗಿ, ಸಾಮಾನಿನ ಸಮೇತ ವಾಪಸ್ ತಂದು ಬಿಡುತ್ತಿತ್ತು. ಆ ವ್ಯಾನ್ ಇಲ್ಲದಿದ್ದರೆ ಉಳಿಯುವ ದಾರಿ ರೈಲುಹಳಿಯ ಮೇಲಿನ ಸೇತುವೆ, ಅದರಾಚೆಗೆ ಲಾರಿಗಳು ಓಡುವ ದೊಡ್ಡ ರಸ್ತೆ. ಸೇತುವೆಯ ಮೇಲಿನ ಕಾಲುದಾರಿ ಅರ್ಧಕ್ಕೇ ನಿಂತುಬಿಟ್ಟಿದೆ. ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿಗಳು ರಸ್ತೆಯ ಹಿಮವನ್ನೆಲ್ಲ ತಂದು ಆ ಅರ್ಧ ದಾರಿಗೇ ಸುರಿಯುತ್ತವೆ. ಗಟ್ಟಿ ಕಾಲಿನವರೇ ಅಲ್ಲಿ ಜಾರಿ ಬೀಳುತ್ತಾರೆ.

ಇಷ್ಟೆಲ್ಲ ಕೊರಿನ್ ತನ್ನ ವರದಿಯಲ್ಲಿ ಬರೆದಿದ್ದಳು. ಬರೆದದ್ದು ಒಂದು, ಗೋಡೆಯ ಮೇಲೆ ಬಂದದ್ದು ಇನ್ನೊಂದು.

ಅವಳ ಮುಖ್ಯ ವಿಷಯ ಮಾನವಶಾಸ್ತ್ರ. ಬರೀ ಮಾನವಶಾಸ್ತ್ರ ಓದಿದರೆ ಹೊಟ್ಟೆಗೇನು ತಿನ್ನುತ್ತೀ ಎಂದು ಅಪ್ಪ ತಲೆ ತಿಂದಿದ್ದಕ್ಕೆ ಜೊತೆಗೊಂದು ಮೈನರ್, ಅಂದರೆ ಉಪವಿಷಯ, ತೆಗೆದುಕೊಂಡಿದ್ದಳು, "ಗ್ರಾಹಕ ನಡವಳಿಕೆ" ಅಂತ. ಜನ ಏನು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ, ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಯಾಕೆ ಇಟ್ಟುಬಿಡುತ್ತಾರೆ, ಇದೇ ಓದು. ಆ ಮೈನರಿಗೆ ಕಾಲೇಜಿನಲ್ಲಿ ಸ್ವಂತದ್ದೊಂದು ಕೋಣೆ ಕೂಡ ಇರಲಿಲ್ಲ. ಮಾರ್ಕೆಟಿಂಗಿನವರು ಒಬ್ಬ ಮೇಷ್ಟರನ್ನು ಕೊಡುತ್ತಿದ್ದರು, ಮನಶ್ಶಾಸ್ತ್ರದವರು ಒಬ್ಬರನ್ನು, ಮಾನವಶಾಸ್ತ್ರದವರು ಒಬ್ಬರನ್ನು, ಆಹಾರವಿಜ್ಞಾನದವರು ಮನಸ್ಸು ಬಂದ ವರ್ಷ ಒಬ್ಬರನ್ನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಆದರೂ ಕೊರಿನ್‌ಗೆ ಆ ಕ್ಲಾಸುಗಳೆಂದರೆ ಇಷ್ಟ. ಒಂದೇ ಸೋಪನ್ನು ನಾಲ್ಕು ಜನ ನಾಲ್ಕು ಕಡೆಯಿಂದ ನೋಡುವುದು ಅವಳಿಗೆ ಹಬ್ಬವಾಗಿತ್ತು.

ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಲೇಬೇಕು. ಆ ಸಲ ವೆಂಡ್ಲರಿನವರೇ ಕಾಲೇಜಿಗೆ ಬಂದು, ನಮ್ಮ ಹಿರಿಯ ಗಿರಾಕಿಗಳನ್ನು ಅರ್ಥ ಮಾಡಿಸಿಕೊಡಿ ಎಂದು ಕೇಳಿಕೊಂಡರು. ನನ್ನ ಬುಶಾಳೇ ಇದ್ದಾಳೆ ಎಂದು ಕೊರಿನ್ ಮೊದಲು ಕೈ ಎತ್ತಿದಳು. ಬುಶಾಳಿಗಂತೂ ಖುಷಿಯೋ ಖುಷಿ. ಮೊಮ್ಮಗಳು ಕಾಲೇಜಿನ ಕೆಲಸಕ್ಕೆ ನನ್ನನ್ನು ಆರಿಸಿಕೊಂಡಳು ಎಂದು ಇಡೀ ಅಪಾರ್ಟ್‌ಮೆಂಟಿಗೆ ಡಂಗುರ ಹೊಡೆದಳು. ಮಾರನೆಯ ಬುಧವಾರ ವ್ಯಾನಿನಲ್ಲಿ ಎಲ್ಲರೂ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದರು.

ಕೊರಿನ್ ಕಲಿತ ಪದ್ಧತಿ ಸರಳ. ಗಿರಾಕಿಯ ಜೊತೆ ಅಂಗಡಿಗೆ ಹೋಗಬೇಕು, ಬಾಯಿ ಮುಚ್ಚಿಕೊಂಡಿರಬೇಕು, ಕಣ್ಣು ಕಿವಿ ತೆರೆದಿರಬೇಕು. ಇಡೀ ಶರತ್ಕಾಲ ಹಾಗೇ ಹೋದಳು. ಬುಶಾ ರೈ ಬ್ರೆಡ್ಡನ್ನು ಒತ್ತಿ ನೋಡಿ, ಇದು ನಿನ್ನೆಯದು ಎಂದು ಮೂತಿ ತಿರುವಿ, ಕೊನೆಗೆ ಅದನ್ನೇ ತೆಗೆದುಕೊಳ್ಳುವುದನ್ನು ನೋಡಿದಳು. ಅಂಗಡಿಯ ಮಾಂಸದ ಕೌಂಟರಿನವನ ಜೊತೆ ಸಾಸೇಜಿನ ಕೊಬ್ಬಿನ ಬಗ್ಗೆ ಅವಳು ವಾರವಾರವೂ ಅದೇ ಜಗಳ ಆಡುವುದನ್ನು ಕೇಳಿದಳು. ಅವನು ಒಂದು ವಾರ ರಜೆ ಹಾಕಿದಾಗ ಎಲ್ಲ ಮುದುಕಿಯರೂ ಅವನ ಹೆಂಡತಿಗೆ ಫೋನ್ ಮಾಡಿ ಏನಾಯಿತೆಂದು ವಿಚಾರಿಸಿದ್ದೂ ಅವಳಿಗೆ ಗೊತ್ತಾಯಿತು. ಒಂದು ದಿನ ವ್ಯಾನಿನಲ್ಲಿ, ಬೇರೆ ಅಂಗಡಿಗೆ ಹೋಗಬೇಕೆಂದು ಯಾವತ್ತಾದರೂ ಅನ್ನಿಸಿದೆಯಾ ಎಂದು ಕೇಳಿದಳು. ಬುಶಾ ಎದೆಯುಬ್ಬಿಸಿ, "ವೆಂಡ್ಲರ್ ಬಿಟ್ರೆ ನಾನು ಹೋಗೋದು ಸ್ಮಶಾನಕ್ಕೇ ಕಣೇ, ಅದಕ್ಕೂ ವ್ಯಾನು ಅವರೇ ಕಳಿಸ್ಲಿ" ಅಂದಳು. ವ್ಯಾನಿನವರೆಲ್ಲ ಬಿದ್ದು ಬಿದ್ದು ನಕ್ಕರು.

ಆ ಮಾತನ್ನು ವರದಿಯಲ್ಲಿ ಹಾಕಿ ಕೊರಿನ್ ಹೆಮ್ಮೆಯಿಂದ ಬರೆದಳು: ಇವರು ನಿಯತ್ತಿನ ಗಿರಾಕಿಗಳು. ಮಾನವಶಾಸ್ತ್ರದ ಕ್ಲಾಸಿನಲ್ಲಿ ಆ ಮಾತಿಗೆ ಒಂದು ಘನತೆಯಿತ್ತು. ಅಂಗಡಿಯೊಂದು ಮನೆಯಂತಾಗುವುದು, ಮಾರುವವನಿಗೂ ಕೊಳ್ಳುವವನಿಗೂ ನಡುವೆ ಋಣಾನುಬಂಧ ಬೆಳೆಯುವುದು, ಅದು ನಿಯತ್ತು. ಮಾರ್ಕೆಟಿಂಗಿನ ಪುಸ್ತಕದಲ್ಲೂ ಅದೇ ಶಬ್ದ ಇತ್ತು. ಅಲ್ಲಿ ಅದರ ಅರ್ಥ ಏನೆಂದು ಅವಳು ತಿರುಗಿ ನೋಡಿರಲಿಲ್ಲ.

ಅದನ್ನು ತೋರಿಸಿಕೊಟ್ಟವನು ಬ್ರೋಡಿ, ಪ್ರಾಜೆಕ್ಟಿನಲ್ಲಿ ಅವಳ ಜೊತೆಗಾರ. ಮಾರ್ಕೆಟಿಂಗ್ ಹುಡುಗ, ಕೆಟ್ಟವನಲ್ಲ. ಅವಳು ಕೇಳದೆಯೇ ಅವಳಿಗೂ ಕಾಫಿ ತರುತ್ತಿದ್ದ. ಅವಳು ಬರೆದದ್ದನ್ನು ಓದಿ, ಗಿರಾಕಿಗಳನ್ನು ಚೌಕಗಳಾಗಿ ವಿಂಗಡಿಸಿ, ನಾಳೆ ವೆಂಡ್ಲರಿನವರ ಎದುರು ತೋರಿಸುವ ಚಿತ್ರಗಳನ್ನು ಸಿದ್ಧಮಾಡಿದ್ದು ಅವನು. ಬುಶಾಳನ್ನು ಅವನು ಕೂರಿಸಿದ್ದ ಚೌಕದ ನೆತ್ತಿಯ ಮೇಲೆ "ನಿಯತ್ತಿನವರು" ಎಂದಿತ್ತು, ಪಕ್ಕದಲ್ಲಿ "ಖರ್ಚು ಬೇಡ" ಎಂದಿತ್ತು.

"ಏನಿದು ಬ್ರೋಡಿ?"

"ನೀನೇ ಬರ್ದಿದ್ದಲ್ವಾ? ನಿಯತ್ತು ಅಂದ್ರೆ ಬಿಟ್ಟು ಹೋಗಲ್ಲ ಅಂತ. ಬಿಟ್ಟು ಹೋಗದೇ ಇರೋರಿಗೆ ಯಾಕೆ ದುಡ್ಡು ಸುರೀಬೇಕು? ಹೋಗಿಬಿಡ್ತಾರೆ ಅನ್ನೋರಿಗೆ ಸುರೀಬೇಕು. ಇದು ಮೊದಲನೇ ಪಾಠ ಕೊರಿನ್."

ಅವನು ಪುಸ್ತಕ ತೆಗೆದು ತೋರಿಸಿದ. ಅಲ್ಲಿ ಹಾಗೇ ಇತ್ತು. ಕಟ್ಟಿಹಾಕಿದ ಹಸು ಎಲ್ಲಿಗೆ ಹೋಗುತ್ತೆ, ಹುಲ್ಲನ್ನು ಬೀದಿಯ ಹಸುವಿಗೆ ಹಾಕು ಎಂಬ ಮಾತನ್ನೇ ದೊಡ್ಡ ದೊಡ್ಡ ಶಬ್ದಗಳಲ್ಲಿ ಬರೆದಿದ್ದರು, ಅಷ್ಟೆ. ಕೊರಿನ್‌ಗೆ ಮೈಯೆಲ್ಲ ಉರಿಯಿತು. ಈ ಚಿತ್ರ ತೆಗೆ ಅಂದಳು. ತೆಗೆಯುವುದಾದರೆ ಅದರ ಜಾಗಕ್ಕೆ ಏನು ಹಾಕಲಿ, ವೆಂಡ್ಲರಿನವರು ಕೇಳಿದ್ದೇ ಖರ್ಚು ಎಲ್ಲಿ ಕಡಿಮೆ ಮಾಡಬಹುದು ಅಂತ, ಎಂದು ಅವನು ಅಂದ. ಅದು ಅವಳಿಗೆ ಹೊಸ ಸುದ್ದಿ. ಅರ್ಥ ಮಾಡಿಸಿಕೊಡಿ ಅಂದರಲ್ಲ ಎಂದು ಕೇಳಿದಳು. ಬ್ರೋಡಿ ಪಾಪ ಎನ್ನುವಂತೆ ನೋಡಿದ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅಲ್ಲಿಂದ ಎದ್ದು ಪ್ರೊಫೆಸರ್ ವಿಟ್‌ಲಾಕರ ಕೋಣೆಗೆ ನುಗ್ಗಿದಳು. ವಿಟ್‌ಲಾಕ್ ಮಾರ್ಕೆಟಿಂಗಿನವರು, ಪ್ರಾಜೆಕ್ಟಿನ ಯಜಮಾನಿಕೆ ಅವರದ್ದು. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದರಲ್ಲಿ ಅವರಷ್ಟು ನಿಪುಣರು ಇಡೀ ಕಾಲೇಜಿನಲ್ಲಿ ಇರಲಿಲ್ಲ. ಕೊನೆಗೆ, ನಿನ್ನ ಭಾವನೆ ದೊಡ್ಡದು, ಅದನ್ನು ಒಂದು ತೀರ್ಮಾನವಾಗಿ ಮಂಡಿಸು, ನಾಳೆ ನಿನಗೂ ಮಾತಾಡಲು ಸಮಯ ಇದೆ ಎಂದು ಬೆನ್ನು ತಟ್ಟಿ ಕಳಿಸಿದರು. ಮಾನವಶಾಸ್ತ್ರದ ಡಾಕ್ಟರ್ ಓಕ್ಸ್ ಹತ್ತಿರ ಹೋದಳು. ಋಣಾನುಬಂಧದ ಪಾಠ ಮಾಡಿದ್ದು ಆಕೆಯೇ, ಪಾಠ ಮಾಡುವಾಗ ಕಣ್ಣಲ್ಲಿ ನೀರು ಬಂದಿತ್ತು. ಆಕೆ ನಿಟ್ಟುಸಿರು ಬಿಟ್ಟು, ನೀನು ಹೇಳುವುದು ನೂರಕ್ಕೆ ನೂರು ಸರಿ, ಆದರೆ ಈ ಪ್ರಾಜೆಕ್ಟು ಅವರ ಡಿಪಾರ್ಟ್‌ಮೆಂಟಿನದು, ನಾನು ಬಾಯಿ ಹಾಕಿದರೆ ಚೆನ್ನಾಗಿರಲ್ಲ ಎಂದರು. ಮನಶ್ಶಾಸ್ತ್ರದವರು ಊರಲ್ಲಿರಲಿಲ್ಲ. ಎಲ್ಲರೂ ಸೇರಿ ಒಂದು ವಿಷಯ ಕಟ್ಟುತ್ತಾರಂತೆ, ಅದರ ಪಾಪಕ್ಕೆ ಮಾತ್ರ ಒಬ್ಬರೂ ಭಾಗಸ್ಥರಲ್ಲವಂತೆ. ಏನು ಹೇಳೋಣ ಈ ಜನಕ್ಕೆ.

ಮಾರನೆಯ ದಿನ ದೊಡ್ಡ ಮೇಜಿನ ಸುತ್ತ ಎಲ್ಲರೂ ಕೂತರು. ವೆಂಡ್ಲರಿನ ಕಡೆಯಿಂದ ಬಂದವರು ಲಿನೆಟ್ ಕ್ರೇಲಿ. ಕೊರಿನ್ ಮನಸ್ಸಿನಲ್ಲಿ ಒಬ್ಬ ರಾಕ್ಷಸಿಯನ್ನು ಕಲ್ಪಿಸಿಕೊಂಡು ಬಂದಿದ್ದಳು. ಬಂದದ್ದು ನೋಡಿದರೆ ಮೆತ್ತನೆಯ ದನಿಯ, ಸ್ವೆಟರ್ ಹಾಕಿಕೊಂಡ ಹೆಂಗಸು. ಬುಶಾಳ ಚಿತ್ರ ನೋಡಿ, ಎಷ್ಟು ಮುದ್ದಾಗಿದ್ದಾರೆ ಇವರು, ನಮ್ಮ ಅಜ್ಜಿಯೂ ಹೀಗೇ ಇದ್ದರು ಅಂದರು. ಬ್ರೋಡಿ ತನ್ನ ಚೌಕಗಳನ್ನು ವಿವರಿಸಿದ. ಬುಶಾ ಸ್ಮಶಾನದ ಬಗ್ಗೆ ಆಡಿದ ಮಾತು ಗೋಡೆಯ ಮೇಲೆ ಬಂದಾಗ ಎಲ್ಲರೂ ನಕ್ಕರು. ಮಾತಿನ ಎರಡನೇ ಅರ್ಧ, ಅದಕ್ಕೂ ವ್ಯಾನು ಅವರೇ ಕಳಿಸಲಿ ಅನ್ನುವುದು, ಅಲ್ಲಿ ಇರಲಿಲ್ಲ. ಬ್ರೋಡಿ ಅದನ್ನು ಕತ್ತರಿಸಿದ್ದ.

ಕೊರಿನ್ ಎದ್ದು ನಿಂತಳು. ರಾತ್ರಿಯೆಲ್ಲ ದೊಡ್ಡ ಭಾಷಣ ಜೋಡಿಸಿಕೊಂಡಿದ್ದಳು. ಈ ಚಿತ್ರವನ್ನು ನಾನು ಒಪ್ಪುವುದಿಲ್ಲ ಅಂತ ಮಾತ್ರ ಹೇಳಿದಳು. ವಿಟ್‌ಲಾಕ್ ಕನ್ನಡಕ ಸರಿಮಾಡಿಕೊಂಡರು. ಲಿನೆಟ್ ಕ್ರೇಲಿಗೆ ಬೇಸರವಾದಂತೆ ಕಾಣಲಿಲ್ಲ. ಆಕೆ ಮುಂದಕ್ಕೆ ಬಾಗಿ ಕೇಳಿದರು.

"ಒಂದೇ ಒಂದು ಪ್ರಶ್ನೆ ಕೇಳ್ತೀನಮ್ಮ. ವ್ಯಾನ್ ನಿಲ್ಲಿಸಿದ್ರೆ ಇವರು ಬೇರೆ ಅಂಗಡಿಗೆ ಹೋಗಿಬಿಡ್ತಾರಾ?"

ಕೋಣೆಯಲ್ಲಿ ಎಲ್ಲರೂ ಅವಳ ಕಡೆ ನೋಡಿದರು. ಹೋಗ್ತಾರೆ ಅಂದಿದ್ದರೆ ಸಾಕಿತ್ತು. ನದಿಯಾಚೆ ಇನ್ನೊಂದು ದೊಡ್ಡ ಅಂಗಡಿ ಇದೆ, ಅವರೂ ಮುದುಕರಿಗೆ ವ್ಯಾನ್ ಬಿಡುವ ಮಾತಾಡುತ್ತಿದ್ದಾರೆ, ನಮ್ಮ ಬುಶಾ ಆಗಲೇ ಅಲ್ಲಿ ವಿಚಾರಿಸಿದ್ದಾಳೆ ಎಂದು ಒಂದು ಕಥೆ ಹೊಸೆದಿದ್ದರೆ ಆಕೆ ಅಲ್ಲೇ ಬರೆದುಕೊಳ್ಳುತ್ತಿದ್ದರು. ಆ ಯೋಚನೆ ಕೊರಿನ್‌ಗೆ ಬಾರದೇ ಇರಲಿಲ್ಲ. ಬಂತು, ನಾಲಿಗೆಯ ತುದಿಗೂ ಬಂತು. ಆದರೆ ಅವಳ ಸಿಟ್ಟಿಗೆ ಸುಳ್ಳಿನ ಊರುಗೋಲು ಬೇಕಿರಲಿಲ್ಲ. ನಿಜವನ್ನೇ ಇವರ ಮುಖಕ್ಕೆ ಎಸೆಯುತ್ತೇನೆ, ನಿಜ ಕೇಳಿದ ಮೇಲೆ ಯಾವ ಮನುಷ್ಯನಾದರೂ ಆ ಮುದುಕಿಯರ ವ್ಯಾನನ್ನು ಕಿತ್ತುಕೊಳ್ಳುತ್ತಾನಾ, ನೋಡಿಯೇಬಿಡೋಣ ಅಂದುಕೊಂಡಳು.

"ಹೋಗಲ್ಲ," ಅಂದಳು. "ಎಲ್ಲಿಗೂ ಹೋಗಲ್ಲ. ಹೋಗೋಕೆ ಅವರಿಗೆ ಜಾಗ ಎಲ್ಲಿದೆ? ನೀವು ವ್ಯಾನ್ ನಿಲ್ಸಿದ್ರೆ ನಡ್ಕೊಂಡು ಬರ್ತಾರೆ. ಆ ಸೇತುವೆ ಮೇಲೆ, ಮಂಜುಗಡ್ಡೆ ಮೇಲೆ, ಒಬ್ಬರ ಕೈ ಒಬ್ಬರು ಹಿಡ್ಕೊಂಡು ಬರ್ತಾರೆ. ನಮ್ಮಜ್ಜಿ ಮಂಡಿ ಸವೆದುಹೋಗಿದೆ, ಅವಳೂ ಬರ್ತಾಳೆ. ಬಿದ್ರೂ ಎದ್ದು ಬರ್ತಾಳೆ. ನಿಮ್ಮ ಅಂಗಡೀನ ಅವಳು ತನ್ನದು ಅಂದ್ಕೊಂಡಿದ್ದಾಳೆ. ಅದಕ್ಕೇ ಅವಳಿಗೆ ಏನೂ ಕೊಡ್ಬೇಕಿಲ್ಲ ಅಂತ ನೀವು ಚೌಕ ಹಾಕಿ ಕೂತಿದ್ದೀರಿ. ನಾಚಿಕೆ ಆಗ್ಬೇಕು ನಿಮಗೆ. ನಮಗೂ ಆಗ್ಬೇಕು."

ಹೇಳಿ ಕೂತಳು. ಡಾಕ್ಟರ್ ಓಕ್ಸ್ ಕಣ್ಣೊರೆಸಿಕೊಂಡರು, ಕಣ್ಣೊರೆಸಿಕೊಳ್ಳಲು ಯಾವ ಡಿಪಾರ್ಟ್‌ಮೆಂಟಿನ ಅಪ್ಪಣೆಯೂ ಬೇಡವಲ್ಲ. ಬ್ರೋಡಿ ತಲೆ ಬಗ್ಗಿಸಿದ. ಲಿನೆಟ್ ಕ್ರೇಲಿ ಇಷ್ಟು ಪ್ರಾಮಾಣಿಕವಾಗಿ ನಮ್ಮ ಹತ್ತಿರ ಯಾರೂ ಮಾತಾಡಿಲ್ಲ, ಥ್ಯಾಂಕ್ಯೂ ಅಂದರು. ಆ ದನಿಯಲ್ಲಿ ಕಪಟ ಇರಲಿಲ್ಲ. ಗೆದ್ದೆ ಎಂದುಕೊಂಡಳು ಕೊರಿನ್. ಮನೆಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ಒಬ್ಬಳೇ ನಕ್ಕಳು ಕೂಡ.

ವಾರ ಕಳೆಯುವಷ್ಟರಲ್ಲಿ ಫಲಿತಾಂಶ ಬಂತು. ಕ್ಲಾಸಿಗೇ ಹೆಚ್ಚು ಅಂಕ ಅವಳಿಗೆ. ವಿಟ್‌ಲಾಕ್ ಕರೆಸಿ ಕೈಕುಲುಕಿದರು. ವೆಂಡ್ಲರಿನವರಿಗೆ ಬ್ರೋಡಿಯ ಚೌಕಗಳ ಮೇಲೆ ಅಷ್ಟು ನಂಬಿಕೆ ಹುಟ್ಟಿರಲಿಲ್ಲವಂತೆ, ಮುದುಕಿಯರು ನಿಜವಾಗಿಯೂ ಬಿಟ್ಟು ಹೋಗುವುದಿಲ್ಲವಾ ಎಂಬ ಅನುಮಾನ ಇತ್ತಂತೆ. ಅವರ ಮನೆಯ ಹುಡುಗಿಯೇ ಎದ್ದು ನಿಂತು ಅಷ್ಟು ಕೋಪದಲ್ಲಿ, ಬಿದ್ದರೂ ಎದ್ದು ಬರುತ್ತಾರೆ ಅಂದ ಮೇಲೆ ಅನುಮಾನ ಪೂರ್ತಿ ಹೋಯಿತಂತೆ. ಇಡೀ ದಿನದಲ್ಲಿ ನಮಗೆ ಉಪಯೋಗಕ್ಕೆ ಬಂದ ಮಾತು ಅದೊಂದೇ ಎಂದು ಲಿನೆಟ್ ಕ್ರೇಲಿ ಹೇಳಿಕಳಿಸಿದ್ದಾರೆ, ಬೇಸಿಗೆಯಲ್ಲಿ ನಿನಗೆ ಅವರ ಆಫೀಸಿನಲ್ಲಿ ಕೆಲಸ ಇದೆ, ಯೋಚನೆ ಮಾಡು ಎಂದರು. ವ್ಯಾನ್ ಹೊಸ ವರ್ಷದಿಂದ ನಿಲ್ಲುತ್ತದೆ ಎಂಬುದನ್ನು ಅವರು ಮಾತಿನ ನಡುವೆ, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದರು.

ನಿಮ್ಮ ಅಂಕ ನೀವೇ ಇಟ್ಟುಕೊಳ್ಳಿ, ಆ ಕೆಲಸವನ್ನು ಬ್ರೋಡಿಗೆ ಕೊಡಿ ಅಂದಳು ಕೊರಿನ್. ಅಂಕ ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದರು ವಿಟ್‌ಲಾಕ್. ಬಾಗಿಲನ್ನು ಅವಳು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಸಿಟ್ಟಿಗೆ ಅವತ್ತು ಎದುರು ಸಿಕ್ಕಿದ್ದು ಆ ಬಾಗಿಲೊಂದೇ. ತಾನು ಕೂಗಿದ್ದೇ ಅವರಿಗೆ ಪುರಾವೆಯಾಯಿತು, ಅತ್ತಿದ್ದರೆ ಅದೂ ಆಗುತ್ತಿತ್ತು. ಎಲ್ಲವನ್ನೂ ಅಳೆದು ಚೌಕದೊಳಗೆ ತುರುಕುವ ಈ ಜನರ ಮುಂದೆ ಮನುಷ್ಯ ಬಾಯಿ ಬಿಡುವುದೇ ತಪ್ಪು ಎಂದು ಬೈದುಕೊಂಡು, ಕಾರನ್ನು ಸೀದಾ ಬುಶಾಳ ಅಪಾರ್ಟ್‌ಮೆಂಟಿಗೆ ತಿರುಗಿಸಿದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಅನ್ನುವುದು ಅವಳ ಲೆಕ್ಕ.

ತಡವಾಗಿತ್ತು. ಕೆಳಗಿನ ಬಾಗಿಲಲ್ಲಿ ವೆಂಡ್ಲರಿನವರು ವ್ಯಾನ್ ನಿಲ್ಲುತ್ತದೆಂಬ ಚೀಟಿಯನ್ನು ಆಗಲೇ ಅಂಟಿಸಿ ಹೋಗಿದ್ದರು. ಮೇಲೆ ಬುಶಾ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯ ಊಟಕ್ಕೆ ಪಿರೋಗಿ ಕಡುಬು ಮಾಡುತ್ತಿದ್ದಳು. ಒಳಗೆ ತುಂಬುವ ಹುಳಿಕೋಸು, ಅಣಬೆ ಒಲೆಯ ಮೇಲೆ ಬೇಯುತ್ತಿತ್ತು. ಮೊಮ್ಮಗಳನ್ನು ನೋಡಿ ಒಂದು ಮಾತೂ ಆಡದೆ, ಲಟ್ಟಿಸಿದ ಹಿಟ್ಟನ್ನು ಲೋಟದ ಬಾಯಿಂದ ಒತ್ತಿ ಒತ್ತಿ ಬಿಲ್ಲೆ ಕತ್ತರಿಸಿದಳು. ಬಾಯಿ ಸುಮ್ಮನಿರದ ಹೆಂಗಸು ಸುಮ್ಮನಿದ್ದದ್ದು ನೋಡಿ ಕೊರಿನ್‌ಗೆ ಹೆದರಿಕೆಯಾಯಿತು. ಕೋಟನ್ನೂ ಬಿಚ್ಚದೆ ನಿಂತು ಎಲ್ಲ ಹೇಳಿದಳು. ಚಿತ್ರ, ಚೌಕ, ವಿಟ್‌ಲಾಕ್, ಓಕ್ಸ್, ತಾನು ಹೇಗೆ ಎಲ್ಲರ ಮುಖಕ್ಕೆ ನಾಚಿಕೆಯಾಗಬೇಕು ನಿಮಗೆ ಅಂದೆ ಎನ್ನುವುದು, ಯಾವುದನ್ನೂ ಬಿಡಲಿಲ್ಲ.

"ಅವಳು ಏನಂತ ಕೇಳಿದ್ಲು? ಸರಿಯಾಗಿ ಹೇಳು," ಅಂದಳು ಬುಶಾ.

"ವ್ಯಾನ್ ನಿಲ್ಸಿದ್ರೆ ಬೇರೆ ಕಡೆ ಹೋಗ್ತಾರಾ ಅಂತ."

"ನೀನು?"

"ಹೋಗಲ್ಲ ಅಂದೆ. ನಡ್ಕೊಂಡಾದ್ರೂ ಇಲ್ಲಿಗೇ ಬರ್ತಾರೆ ಅಂದೆ. ನಿಜಾನೇ ಹೇಳ್ದೆ ಬುಶಾ."

ಬುಶಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ನಾನು ಆ ಮಾಂಸದವನ ಹತ್ರ ಯಾವತ್ತಾದ್ರೂ ಇದು ಚೆನ್ನಾಗಿದೆ ಅಂತ ಅಂದಿದ್ದು ಕೇಳಿದ್ದೀಯಾ? ವಾರವಾರ ನನ್ನ ಜೊತೆ ಬಂದ್ಯಲ್ಲೇ. ಬೇಡ ಹೋಗಯ್ಯಾ ಅಂತ ಮುಖ ತಿರುಗಿಸಿ ಹೊರಡ್ತೀನಿ, ಆಮೇಲೆ ಅವನು ಕರೀತಾನೆ. ಅವನಿಗೂ ಗೊತ್ತು ನಾನು ಎಲ್ಲೂ ಹೋಗಲ್ಲ ಅಂತ. ಆದ್ರೆ ಹಾಗಂತ ಬಾಯ್ಬಿಟ್ಟು ಹೇಳೋ ಮುಟ್ಠಾಳಿ ನಾನಲ್ಲ. ವ್ಯಾನಲ್ಲಿ ನಾನು ಅಂದಿದ್ದು ನಿನಗೆ. ನಮ್ಮನೆ ಹುಡುಗಿ ಅಂತ. ಅವರ ಮುಂದೆ ಹೋಗಿ ಹೇಳು ಅಂತ ನಾನು ಅಂದಿದ್ನಾ?"

ಕೊರಿನ್ ಅಳಲಿಲ್ಲ, ಅಳಲು ಮುಖವಿರಲಿಲ್ಲ. ಬುಧವಾರ ನಾನೇ ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ, ಪ್ರತಿ ಬುಧವಾರ ಬರುತ್ತೇನೆ ಅಂದಳು. ಬುಶಾ ಕಿಟಕಿಯ ಕಡೆ ಕೈ ಮಾಡಿದಳು. ಪಕ್ಕದ ಮನೆಯ ಗೆಳತಿ ಸ್ಟೆಫಾನಿಯಾ ಊರುಗೋಲು ಹಿಡಿದು, ಅಂಗಡಿಯ ಕೈಗಾಡಿ ಎಳೆದುಕೊಂಡು ಆಗಲೇ ಸೇತುವೆಯ ಕಡೆ ಹೆಜ್ಜೆ ಹಾಕುತ್ತಿದ್ದಳು. ವ್ಯಾನ್ ನಿಲ್ಲುವ ಮೊದಲೇ ಕಾಲಿಗೆ ಅಭ್ಯಾಸ ಆಗಲಿ ಅಂತ ಹೊರಟಿದ್ದಾಳೆ, ಇಡೀ ಅಪಾರ್ಟ್‌ಮೆಂಟನ್ನು ನಿನ್ನ ಪುಟ್ಟ ಕಾರಲ್ಲಿ ತುಂಬ್ತೀಯಾ ಎಂದು ಕೇಳಿದಳು.

ಬುಶಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊಮ್ಮಗಳ ಮುಖವನ್ನೇ ನೋಡಿದಳು.

"ನಾಲ್ಕು ಡಿಪಾರ್ಟ್‌ಮೆಂಟಿನವರು ಸೇರಿ ಪಾಠ ಮಾಡ್ತಾರೆ ಅಂದಿದ್ಯಲ್ಲ ಕಣೇ," ಅಂದಳು. "ನಮಗೋಸ್ಕರ ಒಂದೇ ಒಂದು ಸುಳ್ಳು ಹೇಳೋದನ್ನ ಅವರಲ್ಲಿ ಒಬ್ಬರೂ ಕಲಿಸ್ಲಿಲ್ವಾ?"